ಪ್ರತಿಕ್ರಿಯೆ: ರೇಟು ಹೇಳಿದ ಮೇಲೆ ಗಿರಾಕಿ ಸುಮ್ಮನಾದರೆ?

ಅನುವಾದಕ್ಕೆ ಪುಟಕ್ಕೆ ಎಷ್ಟು ಅಂತ ವಾಟ್ಸಾಪ್‌ನಲ್ಲಿ ಕೇಳ್ತಾರೆ, ಹೇಳಿದ ಮೇಲೆ ಪತ್ತೆಯೇ ಇರಲ್ಲ, ರೇಟು ಇಳಿಸಲಾ ಅಂತ ಕೇಳಿದ್ದೀರಿ. ಈಗಲೇ ಇಳಿಸಬೇಡಿ.

ಮೊದಲು ಪುಟದ ಲೆಕ್ಕ ಬಿಡಿ. ಒಂದು ಪುಟದಲ್ಲಿ 200 ಪದವೂ ಇರಬಹುದು, 600 ಕೂಡ ಇರಬಹುದು. ಮೂಲ ಇಂಗ್ಲಿಷ್ ಪಠ್ಯದ ಪದಕ್ಕೆ ಇಷ್ಟು ಅಂತ ಹೇಳಿ. ಕನ್ನಡದ ಪದ ಎಣಿಸಿದರೆ ನಿಮಗೇ ನಷ್ಟ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, ಹಾಗಾಗಿ ಎಣಿಕೆ ಕಡಿಮೆ ಬರುತ್ತದೆ.

ರೇಟಿಗಿಂತ ಮುಂಚೆ ಫೈಲ್ ಕೇಳಿ. ಹೀಗೆ ಬರೆದರೆ ಸಾಕು: "ನಮಸ್ಕಾರ ಸರ್, ಫೈಲ್ ಕಳಿಸ್ತೀರಾ? ಯಾವಾಗ ಬೇಕು, ಪ್ರಿಂಟಿಗೋ ವೆಬ್‌ಸೈಟಿಗೋ ಅಂತ ತಿಳಿಸಿದರೆ ಸಂಜೆಯೊಳಗೆ ಒಟ್ಟು ಮೊತ್ತ ಹೇಳ್ತೀನಿ." ಪ್ರಿಂಟಿನ ಪ್ರಶ್ನೆ ಸುಮ್ನೆ ಅಲ್ಲ. ಕೆಲವು ಪ್ರೆಸ್‌ಗಳಲ್ಲಿ ಪುಟ ಜೋಡಿಸೋಕೆ ಇನ್ನೂ ಪೇಜ್‌ಮೇಕರ್ ಅನ್ನುವ ಹಳೆಯ ಸಾಫ್ಟ್‌ವೇರ್ ಇದೆ. ಅಲ್ಲಿ ಯೂನಿಕೋಡ್ (ಈಗ ಮೊಬೈಲ್, ವೆಬ್‌ಸೈಟುಗಳಲ್ಲಿ ಬಳಸುವ ಅಕ್ಷರ ಸಂಕೇತ) ಹಾಕಿದರೆ ಅಕ್ಷರ ಒಡೆಯುತ್ತದೆ, ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಆಸ್ಕಿ ಫಾಂಟಿನಲ್ಲೇ, ಅಂದರೆ ಯೂನಿಕೋಡ್ ಅಲ್ಲದ ಹಳೆಯ ಬಗೆಯ ಫಾಂಟಿನಲ್ಲೇ, ಕೊಡಬೇಕು. ಇದನ್ನು ನೀವೇ ಮೊದಲು ಕೇಳಿದರೆ ಕೆಲಸ ಗೊತ್ತಿರುವವರು ಅಂತ ಅವರಿಗೆ ತಾನಾಗೇ ಅನಿಸುತ್ತದೆ, ಅಲ್ವಾ?

ಮೊತ್ತ ಹೇಳುವಾಗ ಎಷ್ಟು ಸಲ ತಿದ್ದಿಕೊಡುತ್ತೀರಿ, ಅಡ್ವಾನ್ಸ್ ಎಷ್ಟು ಅನ್ನುವುದೂ ಅದೇ ಮೆಸೇಜಿನಲ್ಲಿರಲಿ. ಫೋನಿನಲ್ಲಿ ಮಾತಾದರೂ ಇಮೇಲ್ ಹಾಕಿ. ಕಂಪನಿಯಾದರೆ ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರಾ ಅಂತಲೂ ಕೇಳಿಕೊಳ್ಳಿ.

ಆಮೇಲೂ ಉತ್ತರ ಇಲ್ಲದಿದ್ದರೆ ನಾಲ್ಕೈದು ದಿನ ಬಿಟ್ಟು ಒಮ್ಮೆ ಕೇಳಿ. ಬಜೆಟ್ ಕಡಿಮೆ ಅಂದರೆ ರೇಟಿಗೆ ಕೈ ಹಾಕಬೇಡಿ, ಕೆಲಸವನ್ನೇ ಸಣ್ಣದು ಮಾಡಿ: ಬ್ರೋಷರ್ ಪೂರ್ತಿ ಬೇಡ, ಮುಖ್ಯವಾದ ಭಾಗ ಮಾತ್ರ ಅಂತ.