ಪಿಂಚಣಿ ಅಂದರೆ ಏನು? ಪಿಎಫ್ ಹಣವೂ ಪಿಂಚಣಿಯೇ?

ಅಲ್ಲ. ಪಿಂಚಣಿ ಅಂದರೆ ನಿವೃತ್ತಿಯಾದ ಮೇಲೆ ಬದುಕಿರುವವರೆಗೂ ತಿಂಗಳು ತಿಂಗಳು ಬರುವ ಹಣ. ಪಿಎಫ್ (ಸಂಬಳದಿಂದ ಕೂಡಿಡುವ ಭವಿಷ್ಯ ನಿಧಿ) ಮತ್ತು ಗ್ರಾಚ್ಯುಟಿ (ಸೇವೆಗಾಗಿ ಕೆಲಸ ಕೊಟ್ಟವರು ಕೊಡುವ ಹಣ) ಒಂದೇ ಸಲ ಇಡುಗಂಟಾಗಿ ಕೈಸೇರುತ್ತವೆ. ಮಾತಿನಲ್ಲಿ ಪೆನ್ಷನ್ ಅಂತೀವಿ, ಸರ್ಕಾರಿ ಕಾಗದಗಳಲ್ಲಿ ‘ನಿವೃತ್ತಿ ವೇತನ’ ಅಂತಲೂ ಇರುತ್ತದೆ.

ಗೊಂದಲ ಆಗೋದು ಸಹಜ. ಖಾಸಗಿ ಕೆಲಸದಲ್ಲಿ ಪಿಎಫ್, ಪಿಂಚಣಿ ಎರಡಕ್ಕೂ ಹಣ ಹೋಗುವುದು ಒಟ್ಟಿಗೇ ಅಲ್ವಾ? ನಿಮ್ಮ ಸಂಬಳದಿಂದ ಕಡಿತವಾಗುವ ಶೇ 12 ಪೂರ್ತಿ ಪಿಎಫ್‌ಗೆ ಸೇರುತ್ತದೆ. ಕಂಪನಿ ಕೊಡುವ ಶೇ 12ರಲ್ಲಿ ಶೇ 8.33 ಮಾತ್ರ 1995ರ ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ. ಅದೂ ಸಾಮಾನ್ಯವಾಗಿ 2014ರಲ್ಲಿ ನಿಗದಿಯಾದ 15,000 ರೂಪಾಯಿ ಸಂಬಳದ ಮಿತಿಯೊಳಗೆ. ಹಾಗಾಗಿಯೇ ಒಳ್ಳೆಯ ಸಂಬಳ ಪಡೆದವರಿಗೂ ಪಿಂಚಣಿ ಕಮ್ಮಿ.

ಲೆಕ್ಕ ಸರಳ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. 15,000 ರೂಪಾಯಿ ಮಿತಿಯಲ್ಲಿ 14 ವರ್ಷ ದುಡಿದವರಿಗೆ 58 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಪಿಎಫ್‌ನಂತೆ ಇಲ್ಲಿ ಬಡ್ಡಿ ಬೆಳೆಯುವುದಿಲ್ಲ.

ಒಂದು ವಿಷಯ ದಯವಿಟ್ಟು ಗಮನಿಸಿ. ಈ ಯೋಜನೆಯಲ್ಲಿ ಕನಿಷ್ಠ 10 ವರ್ಷ ಸೇವೆ ಇರಬೇಕು. ಕೆಲಸ ಬದಲಿಸಿದಾಗಲೆಲ್ಲ ಹಣ ತೆಗೆದುಬಿಟ್ಟರೆ ಹಳೆಯ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ.

ಇನ್ನು ವೃದ್ಧಾಪ್ಯ ವೇತನ, ವಿಧವಾ ವೇತನಗಳನ್ನೂ ಜನ ಪಿಂಚಣಿ ಅಂತಾರೆ. ಅವು ಸರ್ಕಾರ ಕೊಡುವ ನೆರವು, ನೌಕರಿ ಮಾಡಿರಬೇಕಾಗಿಲ್ಲ.