ಮೆಟ್ ಅಂಕ ಏರಿದರೆ ಹವಳ ಚೇತರಿಸಿದಂತೆಯೇ?

ಮನ್ನಾರ್ ಕೊಲ್ಲಿಯಂಥ ಕಡಲ ರಾಷ್ಟ್ರೀಯ ಉದ್ಯಾನದಲ್ಲಿ ಮೆಟ್ (METT, ಸಂರಕ್ಷಿತ ಪ್ರದೇಶದ ನಿರ್ವಹಣೆ ಎಷ್ಟು ಪರಿಣಾಮಕಾರಿ ಎಂದು ಅಳೆಯುವ) ಪ್ರಶ್ನಾವಳಿಯ ಅಂಕ ಏರಿದರೆ ಹವಳದ ಸ್ಥಿತಿಯೂ ಸುಧಾರಿಸಿದೆ ಎನ್ನಬಹುದೇ ಎಂದು ಕೇಳಿದ್ದೀರಿ. ಎನ್ನಲಾಗದು. ಅದರ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾನೂನು, ಗಡಿ, ಸಿಬ್ಬಂದಿ, ಬಜೆಟ್, ಗಸ್ತಿನ ಬಗ್ಗೆ. ಒಂದೊಂದಕ್ಕೂ 0ಯಿಂದ 3 ಅಂಕ. ಹೊಸ ದೋಣಿ ಬಂದು ಯೋಜನೆಗೆ ಮಂಜೂರಾತಿ ಸಿಕ್ಕರೆ, ನೀರೊಳಗೆ ಏನೂ ಬದಲಾಗದಿದ್ದರೂ ಅಂಕ ಏರುತ್ತದೆ.

ಲೆಕ್ಕವನ್ನೂ ಪರಿಶೀಲಿಸಿ. ಅನ್ವಯಿಸದ ಪ್ರಶ್ನೆಗಳನ್ನು ಛೇದದಿಂದಲೂ ತೆಗೆಯಬೇಕು: 28 ಉಳಿದರೆ ಗರಿಷ್ಠ 84, ಅದರಲ್ಲಿ 51 ಬಂದರೆ ಶೇ 60.7. ಇದನ್ನು ಮರೆತರೆ ಎರಡು ವರ್ಷಗಳ ಹೋಲಿಕೆಯೇ ತಪ್ಪುತ್ತದೆ. ಒಟ್ಟು ಶೇಕಡಾವಾರಿಗಿಂತ, ಯಾವ ಪ್ರಶ್ನೆಯ ಅಂಕ ಬದಲಾಯಿತು, ಪುರಾವೆ ಏನು ಅನ್ನುವುದು ಮುಖ್ಯ. ಪುರಾವೆಯ ಕಾಲಂ ಖಾಲಿಯಿದ್ದರೆ ಆ ಅಂಕವನ್ನು ನಂಬಬೇಡಿ.

ಹವಳಕ್ಕೆ ಬೇರೆಯೇ ಅಳತೆ ಬೇಕು. ಉದ್ಯಾನದ ಒಳಗೂ ಹೊರಗೂ ಒಂದೇ ಆಳದ ಜಾಗಗಳನ್ನು ಆರಿಸಿ, 20 ಮೀಟರ್ ಟೇಪ್ ಹಾಸಿ, ಅದರಡಿ ಬರುವ ಜೀವಂತ ಹವಳದ ಉದ್ದವನ್ನು ಕೂಡಿಸಿ, 640 ಸೆಂ.ಮೀ. ಬಂದರೆ ಶೇ 32. ಜಾಗಕ್ಕೆ ಕನಿಷ್ಠ 4 ಟೇಪ್, ಪ್ರತಿ ವರ್ಷ ಅದೇ ತಿಂಗಳು, ಗೂಟ ನೆಟ್ಟ ಅದೇ ಜಾಗ. ಹೊರಗಿನ ಜಾಗಗಳನ್ನು ಕೈಬಿಟ್ಟರೆ 2016ರಂಥ ಬಿಳಿಚುವಿಕೆಯ (ನೀರು ಬಿಸಿಯಾಗಿ ಹವಳ ಬಣ್ಣ ಕಳೆದುಕೊಳ್ಳುವುದು) ನಷ್ಟವೂ ನಿರ್ವಹಣೆಯ ತಲೆಗೇ ಬರುತ್ತದೆ, ಅದು ಅನ್ಯಾಯ.

ಗಸ್ತು ಹೆಚ್ಚಿದರೆ ದಾಖಲಾಗುವ ನಿಯಮಭಂಗದ ಪ್ರಕರಣವೂ ಹೆಚ್ಚುತ್ತದೆ. ಹಾಗಾಗಿ 100 ಗಸ್ತುಗಂಟೆಗೆ ಎಷ್ಟು ಪ್ರಕರಣ ಎಂದು ನೋಡಿ. ಮೆಟ್ ಅಂಕ ಹಾಕುವಾಗ ಅರಣ್ಯ ಇಲಾಖೆಯವರಷ್ಟೇ ಕೂರಬಾರದು. ಕಡಲಪಾಚಿ ಆಯುವ ಮಹಿಳೆಯರು, ಸಣ್ಣ ದೋಣಿಯ ಮೀನುಗಾರರು ಅಲ್ಲಿ ಇರಲೇಬೇಕು.