ಎರಿ ಹೊಲದ ತೇವ: ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಸಣ್ಣದೊಂದು ಜಲಾನಯನಕ್ಕೆ ದಿನದ ಮಳೆ ಕೊಟ್ಟು, ಮಣ್ಣಿನ ತೇವ ಮತ್ತು ಹರಿವು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಓಡಿಸುತ್ತಿದ್ದೇನೆ. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಲೆಕ್ಕ ಹೊಂದುತ್ತದೆ. ಎರಿಯಲ್ಲಿ (ಕಪ್ಪು ಜೇಡಿ ನೆಲದಲ್ಲಿ) ಜೂನ್‌ನ ಮೊದಲ ಮಳೆಗೇ ಹಳ್ಳ ಹರಿದಂತೆ ತೋರಿಸುತ್ತದೆ, ಹಳ್ಳ ಮಾತ್ರ ಒಣಗಿರುತ್ತದೆ. ಯಾಕೆ?
– ಓದುಗರು, ಲಿಂಗಸುಗೂರು

ಉತ್ತರ: ನಿಮ್ಮ ಮಾದರಿಗೆ ಬಿರುಕು ಗೊತ್ತಿಲ್ಲ. ಸರಳ ಮಾದರಿಗಳಿಗೆ ಮೇಲ್ಮಣ್ಣು ಒಂದು ಬಕೆಟ್. ನಿನ್ನೆಯ ನೀರಿಗೆ ಇಂದಿನ ಮಳೆ ಕೂಡಿಸಿ, ಆವಿಯಾದದ್ದು, ಬೆಳೆ ಹೀರಿದ್ದು, ಬಸಿದದ್ದು ಕಳೆಯುತ್ತವೆ. ತುಂಬಿ ಮಿಕ್ಕಿದ್ದು ಹರಿವು. ಸ್ವೀಡನ್ನಿನ ಎಚ್‌ಬಿವಿ ಮಾದರಿ ತುಂಬುವವರೆಗೂ ಕಾಯುವುದಿಲ್ಲ: ಬಕೆಟ್ ಅರ್ಧ ತುಂಬಿದ್ದು, ಬೀಟಾ ಎಂಬ ಘಾತ 2 ಇದ್ದರೆ (ಅರ್ಧ × ಅರ್ಧ), ಮಳೆಯ ಕಾಲುಭಾಗ ಆಗಲೇ ಕೆಳಗಿಳಿಯುತ್ತದೆ. ಮಸಾರಿಗೆ ಇಷ್ಟು ಸಾಕು.

ಎರಿ ಹಾಗಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ನೆಲಕ್ಕೆ ಬಿದ್ದ ಮೊದಲ ಮಳೆ ಬಿರುಕಿನಲ್ಲಿ ನೇರ ಆಳಕ್ಕೆ ಇಳಿಯುತ್ತದೆ, ಬಿರುಕುಗಳ ನಡುವಿನ ಹೆಂಟೆ ಒಳಗೆ ಒಣಗಿಯೇ ಇರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಜೇಡಿ ಉಬ್ಬಿ ಬಿರುಕು ಮುಚ್ಚುತ್ತದೆ. ಆಗ ಅದೇ ಹೊಲ ಗಂಟೆಗೆ ಕೆಲವೇ ಮಿ.ಮೀ. ನೀರು ಕುಡಿಯುತ್ತದೆ. ಜೇಡಿಗೆಂದು ಇಡೀ ವರ್ಷಕ್ಕೆ ಒಂದೇ ಇಂಗುವ ದರ ಕೊಟ್ಟಿದ್ದರೆ ಜೂನ್‌ನಲ್ಲಿ ಹರಿವು ಹೆಚ್ಚು ಬಂದೇ ಬರುತ್ತದೆ. ತೇವ ಏರಿದಂತೆ ಕುಗ್ಗುವ ಬಿರುಕಿನ ಸಂಗ್ರಹವನ್ನು ಬೇರೆಯಾಗಿ ಸೇರಿಸಿ. ಸ್ವ್ಯಾಟ್ ಎಂಬ ಜಲಾನಯನ ಮಾದರಿ ಬಳಸುತ್ತಿದ್ದರೆ ಬಿರುಕು ಹರಿವಿನ ಆಯ್ಕೆ ಅದರಲ್ಲೇ ಇದೆ. ಮೇಲಿನ 15 ಸೆಂ.ಮೀ.ಗೆ ಪ್ರತ್ಯೇಕ ಪದರ ಕೊಡಿ, ಬಿಸಿಲಿಗೆ ನೇರ ಆರುವುದು ಬಹುಪಾಲು ಅದೇ.

ಬಕೆಟ್‌ನ ಅಳತೆಯನ್ನು ಪುಸ್ತಕದಿಂದ ಎತ್ತಬೇಡಿ, ಹೊಲದಲ್ಲೇ ತೆಗೆಯಿರಿ. 0–15, 15–30, 30–60 ಸೆಂ.ಮೀ. ಆಳದ ಮಣ್ಣನ್ನು ಡಬ್ಬಿಗೆ ಹಾಕಿ, ಆವಿ ಹೋಗದಂತೆ ಮುಚ್ಚಿ, ತೂಗಿ, ಮುಚ್ಚಳ ತೆಗೆದು 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಡಬ್ಬಿಯ ತೂಕ ಕಳೆದು ಹಸಿ ಮಣ್ಣು 125 ಗ್ರಾಂ, ಒಣ 100 ಗ್ರಾಂ ಬಂದರೆ ತೇವ ತೂಕದಲ್ಲಿ ಶೇ. 25. ಒಣ ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ ಆದರೆ ಗಾತ್ರದಲ್ಲಿ ಶೇ. 32.5, ಅಂದರೆ 15 ಸೆಂ.ಮೀ. ಪದರದಲ್ಲಿ ಸುಮಾರು 49 ಮಿ.ಮೀ. ನೀರು. ಬೆಳೆ ಬಾಡುವ ಮಟ್ಟ ಗಾತ್ರದಲ್ಲಿ ಶೇ. 22 ಇದ್ದರೆ ಅದರಲ್ಲಿ 33 ಮಿ.ಮೀ. ಬೇರಿಗೆ ಸಿಗದು, ಜೋಳಕ್ಕೆ ಉಳಿದದ್ದು 16 ಮಿ.ಮೀ. ಮಾತ್ರ. ಬಹಳ ಮಂದಿ ಸಾಂದ್ರತೆಯಿಂದ ಗುಣಿಸುವುದನ್ನೇ ಬಿಡುತ್ತಾರೆ. ಎರಿ ಉಬ್ಬಿದಾಗ ಸಾಂದ್ರತೆ ಇಳಿಯುತ್ತದೆ, ಹಾಗಾಗಿ ಹಸಿಯಿದ್ದಾಗಲೂ ಒಣಗಿದಾಗಲೂ ಅಳೆಯಲೇಬೇಕು.

ಪ್ರಶ್ನೆ: ಹೀಗೆ ಮಣ್ಣು ತೂಗುವ ಬದಲು ಉಪಗ್ರಹದ ತೇವದ ಅಂಕಿ ಹಾಕಬಹುದೇ?
– ಓದುಗರು, ಕುಷ್ಟಗಿ

ಉತ್ತರ: ಮೇಲಿನ ಪದರವನ್ನು ತಾಳೆ ನೋಡಲು ಹಾಕಿ. 2015ರಲ್ಲಿ ಹಾರಿದ ಸ್ಮ್ಯಾಪ್ ಉಪಗ್ರಹ ಅಳೆಯುವುದು ಮೇಲಿನ ಸುಮಾರು 5 ಸೆಂ.ಮೀ. ಮಾತ್ರ. ಅದರ ಮೂಲ ಚೌಕದ ಬದಿ ಸುಮಾರು 36 ಕಿ.ಮೀ., ಎರಿ, ಮಸಾರಿ, ಕಾಲುವೆ ಗದ್ದೆ ಎಲ್ಲವೂ ಒಂದೇ ಅಂಕಿಯಲ್ಲಿ ಬೆರೆತಿರುತ್ತವೆ. ಹಿಂಗಾರಿ ಜೋಳದ ಬೇರು ಹುಡುಕುವ ಆಳದ ನೀರಿಗೆ ಮಣ್ಣಿನ ಡಬ್ಬಿಯೇ ಬೇಕು.